ಬತ್ತಿಯ ತಕರಾರು

ಗುರುವಾರ, ಮಧ್ಯಾಹ್ನ
ಮೇಣದ ಕೋಣೆಯಿಂದ

ಅಕ್ಕನ ಮನೆಯಲ್ಲಿ ಹಾಯಾಗಿ ಕಾಲು ಚಾಚಿ ಕೂತಿರುವ ನಮ್ಮ ಯಜಮಾನರಿಗೆ,

ನಿಮ್ಮ ಆರೋಗ್ಯ ವಿಚಾರಿಸುವುದಿಲ್ಲ. ಮೂರು ಹೊತ್ತು ಅಕ್ಕನ ಕೈಯಡುಗೆ ಉಂಡುಕೊಂಡು, ಸಂಜೆಯಾದರೆ ಭಾವನವರ ಜೊತೆ ಇಸ್ಪೀಟು ಆಡಿಕೊಂಡು ಇರುವವರ ಆರೋಗ್ಯಕ್ಕೆ ಏನಾಗುತ್ತದೆ?

ಫೋನ್ ಮಾಡಿದರೆ ಅತ್ತಿಗೆ ಎತ್ತುತ್ತಾರೆ. ಅವನು ಸ್ನಾನಕ್ಕೆ ಹೋಗಿದಾನಮ್ಮ ಅನ್ನುತ್ತಾರೆ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ, ಸಂಜೆಯೂ ಸ್ನಾನ. ಈ ಮನೆಯಲ್ಲಿ ನೀರು ಕಾದಿದೆ ಅಂತ ಗಂಟಲು ಹರಿಯುವ ಹಾಗೆ ಕೂಗಿದರೂ ಏಳದ ಮನುಷ್ಯ ಅಲ್ಲಿ ಮೀನಿನ ಹಾಗೆ ನೀರಲ್ಲೇ ಇದ್ದಾರೆ ಅಂದರೆ ನಾನು ನಂಬಬೇಕು! ಪಾಪ, ಅತ್ತಿಗೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹೇಳುವಾಗ ಅವರ ದನಿಯೇ ಕೆಳಗಿಳಿಯುತ್ತದೆ. ಅದಕ್ಕೇ ಪೆನ್ನು ಹಿಡಿದೆ. ಹಿಂದೆ ನೀವು ಸೇತುವೆ ಕೆಲಸ, ಟ್ಯಾಂಕಿನ ಕೆಲಸ ಅಂತ ಊರೂರು ಸುತ್ತುತ್ತಿದ್ದಾಗ ಹೀಗೇ ಬರೆಯುತ್ತಿದ್ದೆ. ಕಾಗದದಲ್ಲಿ ಒಂದು ಅನುಕೂಲ, ನಾನು ಮುಗಿಸುವವರೆಗೂ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಅಕ್ಷರ ಸಣ್ಣಗಿದೆ ಅಂತ ಗೊಣಗಬೇಡಿ. ದುಂಡಗೆ ಬರೆಯಬೇಕು ಅಂತಲೇ ಶುರು ಮಾಡುತ್ತೇನೆ, ಸಾಲು ಮುಗಿಯುವಷ್ಟರಲ್ಲಿ ಇರುವೆ ಸಾಲಾಗಿರುತ್ತದೆ. ನಿಮ್ಮ ಕನ್ನಡಕ ಸಾಲದಿದ್ದರೆ ಅತ್ತಿಗೆಯದನ್ನೂ ಇಸಿದುಕೊಳ್ಳಿ.

ಜಗಳ ಏನು ಅನ್ನುವುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಅಲ್ಲಿ ನೀವು ಹೇಗೆ ಕಥೆ ಕಟ್ಟಿ ಹೇಳಿದ್ದೀರೋ ನನಗೆ ಚೆನ್ನಾಗಿ ಗೊತ್ತು. ನನ್ನ ಬಲಗೈ ನಡುಗುತ್ತದೆ. ಹೌದು, ನಡುಗುತ್ತದೆ, ನಾನೇನು ಇಲ್ಲ ಅಂದೆನೇ? ಕೆಲಸ ಮಾಡುವಾಗ ಅಲ್ಲ, ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡು ಕೂತಾಗ. ಹೆಬ್ಬೆರಳೂ ತೋರುಬೆರಳೂ ಸೇರಿಕೊಂಡು ಏನನ್ನೋ ಎಣಿಸುವ ಹಾಗೆ ಅಲ್ಲಾಡುತ್ತವೆ. ನಾನು ಸುಸ್ತು ಅಂದೆ, ವಯಸ್ಸು ಅಂದೆ. ನೀವು ಬತ್ತಿ ಅಂದಿರಿ. ನಾನು ಗಾಜಿನ ಲೋಟದಲ್ಲಿ ಹುಯ್ದು ಮಾರುವ ಮೇಣದಬತ್ತಿಗೆ ಹಾಕುವ ಬತ್ತಿಯ ನಡುವೆ ಕೂದಲೆಳೆಯಂಥ ಒಂದು ಲೋಹದ ತಂತಿ ಇದೆ, ಅದು ಉರಿದು, ಅದರ ಹೊಗೆ ನನ್ನ ಮೈ ಸೇರಿ ನರಗಳನ್ನು ತಿನ್ನುತ್ತಿದೆ, ಆ ಬತ್ತಿ ಮನೆ ಬಿಟ್ಟರೆ ಕೈ ನೆಟ್ಟಗಾಗುತ್ತದೆ. ಇದು ನಿಮ್ಮ ವಾದ. ಆ ತಂತಿ ಸತು, ಸೀಸ ಅಲ್ಲ, ಅದರಿಂದ ಯಾರ ಕೈಯೂ ನಡುಗುವುದಿಲ್ಲ. ಇದು ನನ್ನ ವಾದ. ಇಷ್ಟೇ. ಇಷ್ಟಕ್ಕೆ ಬತ್ತಿಯ ಬದಲು ನೀವೇ ಮನೆ ಬಿಟ್ಟಿರಿ.

ಇದೆಲ್ಲ ಶುರುವಾಗಿದ್ದು ಆ ಕಟಿಂಗ್ ಶಾಪಿನವನಿಂದ. ಅವನಿಗೆ ಯಾರೋ ಕಳಿಸಿದ ವಿಡಿಯೋ, ಅವನು ಅದನ್ನು ನಿಮಗೆ ದಾಟಿಸಿದ. ತಲೆಯ ಹೊರಗಡೆ ಕೆಲಸ ಮಾಡಪ್ಪ ಅಂತ ಕೂತರೆ ಒಳಗೂ ಕೈ ಹಾಕಿ ಕಳಿಸಿದ ಮಹಾನುಭಾವ. ಅವತ್ತು ನೀವು ಅರ್ಧ ಗಡ್ಡದಲ್ಲೇ ಎದ್ದು ಬಂದಿದ್ದಿರಿ. ಬಾಗಿಲಲ್ಲಿ ನಿಂತು, ಆ ಬತ್ತಿಯ ಸುರುಳಿ ಮುಟ್ಟಬೇಡ, ಕೈ ತೆಗಿ ಅಂತ ಕೂಗಿದ ರಭಸಕ್ಕೆ ನಾನು ಹಾವು ಬಂತೇನೋ ಅಂತ ಸ್ಟೂಲಿನ ಮೇಲೆ ಹತ್ತಿದ್ದೆ.

ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ ಅಂತ ನಾನು ಅವತ್ತೇ ಒಪ್ಪಿಕೊಂಡಿದ್ದೆ. ಹಿಂದೆ ಬತ್ತಿಯೊಳಗೆ ಸೀಸದ ತಂತಿ ಹಾಕುತ್ತಿದ್ದರು. ಅದು ಉರಿದರೆ ಸೀಸ ಗಾಳಿಗೆ ಸೇರುತ್ತಿತ್ತು, ಮನೆಯಲ್ಲಿ ಆಡುವ ಮಕ್ಕಳ ಮೈಗೆ ಹೋಗುತ್ತಿತ್ತು. ಗೊತ್ತಾದ ಮೇಲೆ ಎಷ್ಟೋ ಕಡೆ ಅದನ್ನು ನಿಲ್ಲಿಸಿಬಿಟ್ಟರು. ಈಗ ಹಾಕುವುದು ಸತು, ಇಲ್ಲವೇ ತವರ. ಬತ್ತಿ ಮಾರುವವರನ್ನು ನಾನು ಮೊದಲು ಕೇಳಿದ್ದೇ ಅದನ್ನು, ಬಾಯಿಮಾತಲ್ಲಿ ಬೇಡ, ಬರೆದು ಕೊಡಿ ಅಂತ ಬರೆಸಿಕೊಂಡಿದ್ದು. ನಿಮಗೆ ಅದನ್ನೂ ತೋರಿಸಿದೆ. ಮಾರುವವನು ವಿಷ ಅಂತ ಬರೆದು ಕೊಡ್ತಾನಾ ಅಂದಿರಿ. ಸರಿ, ಅದೂ ಮಾತೇ ಅಂತ ಕಣ್ಣೆದುರೇ ಪರೀಕ್ಷೆ ಮಾಡಿ ತೋರಿಸಿದೆ. ಬತ್ತಿಯ ತುದಿಯ ನೂಲು ಬಿಡಿಸಿ ಒಳಗಿನ ತಂತಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿದೆ. ಸೀಸವಾದರೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಬೂದು ಗೆರೆ ಬೀಳಬೇಕು. ಬೀಳಲಿಲ್ಲ. ಹೋಲಿಸಿ ನೋಡಿ ಅಂತ ಎದುರು ಮನೆಯವರ ಮೀನು ಗಾಳದ ಸೀಸದ ಗುಂಡು ತಂದು ಪಕ್ಕದಲ್ಲೇ ಉಜ್ಜಿದೆ. ಬಿತ್ತು ನೋಡಿ ಬೂದು ಗೆರೆ. ನೀವು ಕನ್ನಡಕ ಹಾಕಿಕೊಂಡು ನೋಡಿದಿರಿ, ತೆಗೆದು ನೋಡಿದಿರಿ, ಕಿಟಕಿಯ ಬಳಿ ಒಯ್ದು ನೋಡಿದಿರಿ. ಆಮೇಲೆ ತಂತಿ ಕಿತ್ತುಕೊಂಡು ನೀವೇ ಉಜ್ಜಿದಿರಿ, ಕಾಗದ ಹರಿಯುವವರೆಗೆ. ಹರಿದ ಕಾಗದ ಎತ್ತಿ ಹಿಡಿದು, ನೋಡಿದ್ಯಾ, ಕಾಗದಾನೇ ಹಿಂಗೆ ಮಾಡುತ್ತೆ, ಶ್ವಾಸಕೋಶ ಬಿಡುತ್ತಾ ಅಂದಿರಿ. ಏನು ಹೇಳಲಿ ನಿಮಗೆ! ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ನಿಮ್ಮ ಹೆದರಿಕೆ ಎಲ್ಲಿಂದ ಬಂತು ಅನ್ನುವುದು ನನಗೆ ತಿಳಿಯದ್ದೇನಲ್ಲ. ನೀರಿನ ಟ್ಯಾಂಕಿನೊಳಗೆ ಕೂತು ಇಡೀ ದಿನ ಜಿ.ಐ. ಪೈಪು ವೆಲ್ಡಿಂಗ್ ಮಾಡಿ ಬಂದಿದ್ದಿರಿ ಒಮ್ಮೆ. ಪೈಪಿನ ಮೇಲಿನ ಸತುವಿನ ಲೇಪ ಸುಟ್ಟು ಬಂದ ಬಿಳಿ ಹೊಗೆ ಕುಡಿದು ಸಂಜೆಗೆಲ್ಲ ಚಳಿ ಜ್ವರ. ಬಾಯಲ್ಲಿ ನಾಣ್ಯ ಇಟ್ಟ ಹಾಗಿದೆ ಅನ್ನುತ್ತಿದ್ದಿರಿ, ಹಲ್ಲು ಕಟಕಟ ಅನ್ನುತ್ತಿತ್ತು. ಇದ್ದ ಕಂಬಳಿಯನ್ನೆಲ್ಲ ಹೊದಿಸಿದರೂ ನಡುಕ ನಿಲ್ಲದೆ ನಾನೇ ಮೇಲೆ ಒರಗಿ ಅದುಮಿ ಹಿಡಿದುಕೊಂಡಿದ್ದೆ. ಬೆಳಿಗ್ಗೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಎದ್ದು ಚಹಾ ಕೇಳಿದಿರಿ. ಆವತ್ತಿನಿಂದ ನಿಮ್ಮ ಪಾಲಿಗೆ ಸತು ಅಂದರೆ ನಡುಕ, ನಡುಕ ಅಂದರೆ ಸತು. ಆದರೆ ರೀ, ಅದು ಮುಚ್ಚಿದ ಟ್ಯಾಂಕು, ಇದು ಎರಡು ಕಿಟಕಿಯ ಕೋಣೆ. ಅದು ಮಾರುಗಟ್ಟಲೆ ಪೈಪು, ಇದು ಕೂದಲೆಳೆ. ಲೋಟದಲ್ಲಿ ಬತ್ತಿ ಉರಿದ ಹಾಗೆಲ್ಲ ಆ ತಂತಿಯ ತುದಿ ಕರಗಿ ಮೇಣದೊಳಗೇ ಬೀಳುತ್ತದೆ, ಹೊಗೆಗೆ ಹೋಗುವುದು ಲೆಕ್ಕಕ್ಕೇ ಇಲ್ಲ. ಅದೂ ಅಲ್ಲದೆ ನಾನು ಮೇಣದಬತ್ತಿ ಮಾಡುವವಳು, ದಿನವಿಡೀ ಹಚ್ಚಿಕೊಂಡು ಕೂರುವವಳಲ್ಲ. ಇಷ್ಟನ್ನೂ ನಿಮಗೆ ಕೂತು ಹೇಳಿದೆ, ನಿಂತು ಹೇಳಿದೆ, ಪಾತ್ರೆ ತೊಳೆಯುತ್ತಾ ಹೇಳಿದೆ. ನೀವು ಹೂಂಗುಟ್ಟಿದಿರಿ. ಮರುದಿನ ಬೆಳಿಗ್ಗೆ ವೆಲ್ಡಿಂಗ್ ಹೊಗೆಗೆ ಹಾಕುವ ಮಾಸ್ಕು ಹಾಕಿಕೊಂಡು ಮೇಣದ ಕೋಣೆಗೆ ಬಂದಿರಿ.

ಆ ಮಾಸ್ಕು! ಮೂಗಿನ ಎರಡೂ ಕಡೆ ಡಬ್ಬಿ ತೂಗುವ ಆ ಮಾಸ್ಕು ಹಾಕಿಕೊಂಡು ನನ್ನ ಹಿಂದೆ ಯಮನ ಹಾಗೆ ನಿಂತಿದ್ದಿರಲ್ಲ, ಅದೇ ಹೊತ್ತಿಗೆ ಹೋಟೆಲಿನ ಮಾಲೀಕರು ಲೋಟಗಳನ್ನು ನೋಡಲು ಬಂದರು. ಅವರು ಒಮ್ಮೆ ನಿಮ್ಮನ್ನು, ಒಮ್ಮೆ ನನ್ನನ್ನು, ಒಮ್ಮೆ ಕುದಿಯುವ ಪಾತ್ರೆಯನ್ನು ನೋಡಿದರು. ನಮ್ಮ ಯಜಮಾನರಿಗೆ ಧೂಳಿನ ಅಲರ್ಜಿ ಅಂತ ಹೇಳಿ ಹಲ್ಲು ಬಿಟ್ಟೆ. ಧೂಳೇ ಇಲ್ಲವಲ್ಲ ಇಲ್ಲಿ ಅಂದರು ಅವರು. ನೀವು ಮಾಸ್ಕಿನೊಳಗಿನಿಂದ ಏನೋ ಹೇಳಿದಿರಿ. ಗುರ್ ಗುರ್ ಅಂತ ಕೇಳಿಸಿತೇ ಹೊರತು ಒಂದಕ್ಷರ ತಿಳಿಯಲಿಲ್ಲ. ಹಾಗೆ ಆಗಿದ್ದೇ ನನ್ನ ಪುಣ್ಯ. ಅವರ ಮೇಜುಗಳಿಗೆಲ್ಲ ಲೋಟದ ಮೇಣದಬತ್ತಿ ಬೇಕು ಅಂತ ಒಪ್ಪಿಕೊಂಡು ಹೋದರು. ಈ ಕೋಣೆ ಶುರುವಾದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ಕೆಲಸ ಅದು.

ಆಮೇಲೆ ನಾನು ಪುಟ್ಟಿಯ ಮನೆಗೆ ಹೋದೆ. ಮಗಳನ್ನು ನೋಡಿ ತುಂಬಾ ದಿನವಾಯಿತು, ಎರಡು ದಿನ ಇದ್ದು ಬರುತ್ತೇನೆ ಅಂದೆ. ಹೋಗುವ ಮೊದಲು ಲೋಟಗಳನ್ನೆಲ್ಲ ತೊಳೆದು ಒರೆಸಿ, ಒಂದೊಂದರ ತಳಕ್ಕೂ ಬತ್ತಿಯ ತಗಡಿನ ಬಿಲ್ಲೆ ಅಂಟಿಸಿ, ಬತ್ತಿ ನಡುಮಧ್ಯಕ್ಕೆ ನಿಲ್ಲುವ ಹಾಗೆ ಮೇಲೆ ಕಡ್ಡಿ ಕಟ್ಟಿಟ್ಟಿದ್ದೆ. ಬಂದವಳೇ ಮೇಣ ಹುಯ್ಯುವುದೊಂದೇ ಬಾಕಿ. ಬಂದು ನೋಡಿದರೆ ಕೋಣೆ ಕನ್ನಡಿಯ ಹಾಗಿದೆ. ಲೋಟಗಳೆಲ್ಲ ತುಂಬಿ ತಣ್ಣಗಾಗಿ ಸಾಲಾಗಿ ನಿಂತಿವೆ. ನೀವು ಹುಬ್ಬಿಗೆ ಮೇಣ ಹತ್ತಿಸಿಕೊಂಡು, ಹೇಗಿದೆ ಅನ್ನುವ ಹಾಗೆ ನಿಂತಿದ್ದೀರಿ. ನಿಜ ಹೇಳಲಾ? ನನ್ನ ಕಣ್ಣು ತುಂಬಿ ಬಂತು. ಕೈ ನಡುಗುತ್ತದೆ ಅಂತ ಬಿಸಿ ಪಾತ್ರೆ ಎತ್ತುವ ಕೆಲಸ ನನಗೆ ಉಳಿಸಬಾರದು ಅಂತ ಮಾಡಿದ್ದೀರಿ ಅಂದುಕೊಂಡೆ. ಅವತ್ತು ನಿಮಗಿಷ್ಟ ಅಂತ ಊಟದ ಜೊತೆ ಏನೇನು ಮಾಡಿ ಬಡಿಸಿದೆ ನೆನಪಿದೆಯಾ? ನೀವು ತಲೆ ತಗ್ಗಿಸಿಕೊಂಡು ತಿಂದಿರಿ. ನಾಚಿಕೆ ಅಂದುಕೊಂಡೆ ನಾನು. ಕಳ್ಳತನ ಅಂತ ಹೊಳೆಯಲೇ ಇಲ್ಲ.

ಒಂದು ಮಾತು ನನ್ನ ಕಡೆಯಿಂದಲೂ ಬರಲಿ. ಯಾವ ಸರಕೇ ಆಗಲಿ, ಕಳಿಸುವ ಮೊದಲು ಒಂದನ್ನು ಹಚ್ಚಿಟ್ಟು ತಳ ಕಾಣುವವರೆಗೂ ಉರಿಸಿ ನೋಡುವವಳು ನಾನು. ಆ ಸಲ ಹಚ್ಚದೆಯೇ ಹೋಟೆಲಿಗೆ ಕಳಿಸಿದೆ. ನೀವು ಅಷ್ಟು ಅಕ್ಕರೆಯಿಂದ ಮಾಡಿದ್ದನ್ನು ಸರಿಯಿದೆಯೋ ಇಲ್ಲವೋ ಅಂತ ಪರೀಕ್ಷೆಗಿಡಲು ಮನಸ್ಸು ಬರಲಿಲ್ಲ. ಅಕ್ಕರೆ ಉಕ್ಕಿದಾಗ ಬುದ್ಧಿ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ.

ಆಮೇಲೆ ಏನಾಯಿತು ಅನ್ನುವುದನ್ನು ನೀವು ಅತ್ತಿಗೆಗೆ ಹೇಳಿರಲಾರಿರಿ, ಅದಕ್ಕೇ ಬಿಡಿಸಿ ಬರೆಯುತ್ತೇನೆ, ಬೇಕಾದರೆ ಅವರಿಗೆ ಓದಿ ಹೇಳಿ. ನೀವು ನನ್ನ ಬತ್ತಿಗಳನ್ನೆಲ್ಲ ಕಿತ್ತು ಬಿಸಾಡಿ, ಅಂಗಡಿಯಿಂದ ಹತ್ತಿಯ ಬತ್ತಿ ತಂದು ಹಾಕಿದ್ದಿರಿ. ಹತ್ತಿಯ ಬತ್ತಿ ಕೆಟ್ಟದ್ದಲ್ಲ. ಆದರೆ ನೀವು ತಂದಿದ್ದು ಉದ್ದ ಕೋಲಿನಂಥ ಮೇಣದಬತ್ತಿಗೆ ಹಾಕುವಂಥದ್ದು. ಅದರ ಮೇಣ ಗಟ್ಟಿ, ಬತ್ತಿಯನ್ನು ಮೇಣವೇ ಹಿಡಿದು ನಿಲ್ಲಿಸುತ್ತದೆ. ಲೋಟದ ಮೇಣ ಮೆದು. ಹಚ್ಚಿದ ಸ್ವಲ್ಪ ಹೊತ್ತಿಗೆ ಕರಗಿ ಕೊಳವಾಗುತ್ತದೆ. ಕೊಳದ ನಡುವೆ ಬತ್ತಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ತಂತಿ ಇರುವುದೇ ಅದಕ್ಕೆ, ನನ್ನ ಪ್ರಾಣ ತೆಗೆಯಲಿಕ್ಕಲ್ಲ.

ಹೋಟೆಲಿನಲ್ಲಿ ಜನ ತುಂಬಿದ್ದ ಹೊತ್ತಲ್ಲಿ ಒಂದು ಲೋಟದ ಬತ್ತಿ ಸೋತು ಪಕ್ಕಕ್ಕೆ ವಾಲಿತು. ಗಾಜಿಗೆ ಒರಗಿಕೊಂಡೇ ಉರಿಯಿತು. ಯಾರೂ ಗಮನಿಸಲಿಲ್ಲ. ಗಾಜು ಕಾದು ಕಾದು ಟಪ್ ಅಂತ ಸೀಳಿತು, ಬಿಸಿ ಮೇಣ ಮೇಜಿನ ಬಟ್ಟೆಯ ಮೇಲೆ ಹರಿದು ಬೆಂಕಿ ಹತ್ತಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀರಿಕೊಂಡು ಎದ್ದಳಂತೆ. ಬಡಿಸುವವನು ನೀರು ಸುರಿಯದೆ, ಕೈಯಲ್ಲಿದ್ದ ಉಕ್ಕಿನ ತಟ್ಟೆಯನ್ನೇ ಬೋರಲು ಹಾಕಿ ಬೆಂಕಿ ಮುಚ್ಚಿದನಂತೆ, ಅವನ ಹೊಟ್ಟೆ ತಣ್ಣಗಿರಲಿ. ಯಾರಿಗೂ ಸುಡಲಿಲ್ಲ. ಮಾಲೀಕರು ಫೋನ್ ಮಾಡಿ ಕರೆದರು. ಓಡಿದೆ. ಅಡುಗೆಮನೆಯ ಚಾಕು ಇಸಿದುಕೊಂಡು ಅಲ್ಲೇ ಒಂದು ಲೋಟದ ಮೇಣ ಕೆದಕಿ ಬತ್ತಿ ಹೊರಗೆಳೆದೆ. ಒಳಗೆ ತಂತಿ ಇಲ್ಲ. ಇನ್ನೊಂದು ಕೆದಕಿದೆ. ಅದರಲ್ಲೂ ಇಲ್ಲ. ಆಗ ನಿಮ್ಮ ತಗ್ಗಿಸಿದ ತಲೆ ಅರ್ಥವಾಯಿತು ನನಗೆ.

ಮಾಲೀಕರು ಏನಮ್ಮಾ ಇದು ಅಂತ ಕೇಳಿದರು. ನಮ್ಮ ಯಜಮಾನರ ಘನಕಾರ್ಯ ಅಂತ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ನಾನೇ ತಪ್ಪು ಬತ್ತಿ ಹಾಕಿಬಿಟ್ಟೆ ಸಾರ್, ಕಣ್ಣು ಮಂಜಾಗಿದೆ ಅಂದುಬಿಟ್ಟೆ. ಇಷ್ಟು ವರ್ಷದ ಕೆಲಸ, ಎಂದೂ ಒಂದು ಲೋಟ ಬಿರುಕು ಬಿಟ್ಟಿದ್ದಿಲ್ಲ, ಅದೆಲ್ಲ ಆ ಒಂದು ಮಾತಿನಲ್ಲಿ ನೀರುಪಾಲು. ವಿಷದಿಂದ ನನ್ನನ್ನು ಕಾಪಾಡಲು ಹೋಗಿ ಯಾರದೋ ಮೈಗೆ ಬೆಂಕಿ ಹಚ್ಚುತ್ತಿದ್ದಿರಲ್ಲ ರೀ. ವಿಷವಲ್ಲದ ಬತ್ತಿ ತೆಗೆದು ಬೆಂಕಿ ಹಚ್ಚುವ ಬತ್ತಿ ಹಾಕಿದಿರಿ. ನಿಮ್ಮಂಥ ಬುದ್ಧಿವಂತರು ಬೇರೆ ಯಾರಿದ್ದಾರೆ?

ಮನೆಗೆ ಬಂದು ಕೇಳಿದರೆ ಒಂದು ತಪ್ಪಾಯಿತು ಅನ್ನುವ ಮಾತಾದರೂ ಬಂತೇ ನಿಮ್ಮ ಬಾಯಿಂದ? ಹೌದು, ನಾನೇ ಬದಲಿಸಿದ್ದು, ಬಟ್ಟೆ ಸುಟ್ಟರೆ ಇನ್ನೊಂದು ತರಬಹುದು, ನಿನ್ನ ಕೈ ಇನ್ನೊಂದು ತರೋಕಾಗುತ್ತಾ ಅಂದಿರಿ. ನಾನು ಬಾಯಿಗೆ ಬಂದ ಹಾಗೆ ಅಂದೆ. ಒಂದೆರಡು ಮಾತು ಅನ್ನಬಾರದಿತ್ತು, ಕಬ್ಬಿಣ ಸುಟ್ಟು ಸುಟ್ಟು ನಿಮ್ಮ ತಲೆಯೂ ಕಬ್ಬಿಣವಾಗಿದೆ ಅಂದಿದ್ದು ಅದರಲ್ಲೊಂದು. ಆ ಬತ್ತಿ ಇರೋ ಮನೇಲಿ ನಾನಿರಲ್ಲ ಅಂದಿರಿ. ಬತ್ತಿ ಇರುತ್ತೆ ಅಂದೆ. ಮುಗಿಯಿತು. ಮುಖ ಊದಿಸಿಕೊಂಡು ಆ ಮಾಸ್ಕನ್ನೂ ಸೇರಿಸಿ ಚೀಲ ತುಂಬಿದಿರಿ. ಅದರಲ್ಲೂ ನಿಮ್ಮ ಹಟ ನೋಡಿ, ಶಾಲು ಮರೆತು ಹೋಗಿದ್ದಿರಿ, ವಾಪಸು ಬಂದು ಬಾಗಿಲಲ್ಲಿ ನಿಂತಿರಿ, ಒಳಗೆ ಕಾಲಿಡಲಿಲ್ಲ. ನಾನೇ ತಂದು ಕೊಟ್ಟೆ. ಇಸಿದುಕೊಂಡು ಹೋದಿರಿ.

ನನಗೆ ನಿಜವಾಗಿ ರೇಗಿದ್ದು ಬತ್ತಿಗಲ್ಲ. ಹೇಳಿಬಿಡುತ್ತೇನೆ, ಎದುರಿಗಿದ್ದರೆ ಹೇಳಲಾಗುವುದಿಲ್ಲ. ನೀವು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಕೈ ನೋಡುತ್ತೀರಿ. ಚಹಾ ಕೊಟ್ಟರೆ ಕಪ್ಪು ನೋಡುತ್ತೀರಿ, ಅಲ್ಲಾಡಿತೋ ಇಲ್ಲವೋ ಅಂತ. ಟೀವಿ ಮುಂದೆ ಕೂತರೆ ಟೀವಿ ಬಿಟ್ಟು ನನ್ನ ಮಡಿಲು ನೋಡುತ್ತೀರಿ. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು ಕಲಿತೆ. ಬೆರಳು ಜೋಮು ಹಿಡಿಯುತ್ತದೆ, ಆದರೂ ಕೂರುತ್ತೇನೆ. ನನ್ನ ಮನೆಯಲ್ಲಿ ನನ್ನ ಕೈಯನ್ನು ನಾನೇ ಬಚ್ಚಿಟ್ಟುಕೊಳ್ಳುವ ಹಾಗೆ ಮಾಡಿದಿರಲ್ಲ, ಅದಕ್ಕೆ ಸಿಟ್ಟು. ರವಿಕೆಯ ಗುಂಡಿ ಹಾಕಿಕೊಳ್ಳಲು ಹೊತ್ತಾಗುತ್ತದೆ ಅಂತ ಬಚ್ಚಲ ಬಾಗಿಲು ಹಾಕಿಕೊಂಡರೆ, ಆಚೆ ನಿಂತು ಏನಾಯ್ತು ಏನಾಯ್ತು ಅಂತ ಬಾಗಿಲು ಬಡಿಯುತ್ತಿದ್ದಿರಿ. ಏನೂ ಆಗಿಲ್ಲ ಅನ್ನುತ್ತಿದ್ದೆ. ಅಷ್ಟು ಸಲ ಏನೂ ಆಗಿಲ್ಲ ಅಂತ ಹೇಳಿಸಿದರೆ ಯಾರಿಗಾದರೂ ಏನೋ ಆಗಿದೆ ಅನ್ನಿಸುವುದಿಲ್ಲವೇ?

ನೀವಿಲ್ಲದೆ ಇಲ್ಲಿ ಆರಾಮವಾಗಿದ್ದೇನೆ. ಬಾಗಿಲು ಬಡಿಯುವವರಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ, ಅದರ ಪಾಡಿಗೆ ಅದು ಕುಣಿಯುತ್ತದೆ. ನೋಡುವವರೇ ಇಲ್ಲ. ಎರಡು ದಿನ ಈ ಸ್ವಾತಂತ್ರ್ಯ ಬಹಳ ಚೆನ್ನಾಗಿತ್ತು. ಆಮೇಲೆ ಚೆನ್ನಾಗಿರಲಿಲ್ಲ.

ಈಗ ಕೆಲಸದ ಮಾತು. ಹೋಟೆಲಿನವರು ಒಳ್ಳೆಯವರು. ಹೊಸ ಲೋಟ ತನ್ನಿ, ನನ್ನ ಎದುರಿಗೇ ಹಚ್ಚಿ, ಪೂರ್ತಿ ಉರಿಸಿ ತೋರಿಸಿ, ಆಮೇಲೆ ನೋಡೋಣ ಅಂದಿದ್ದಾರೆ. ನನ್ನ ಸತುವಿನ ಬತ್ತಿಯನ್ನೇ ಹಾಕಿ ತೋರಿಸಿದ್ದರೆ ಒಂದೇ ಸಂಜೆಯ ಕೆಲಸ. ಅದನ್ನು ಮಾಡಲಿಲ್ಲ. ಬತ್ತಿಯವರ ಹತ್ತಿರ ಕಾಗದದ ಎಳೆ ನಡುವಿರುವ ಬತ್ತಿ ಬಂದಿದೆ, ತಂತಿಯಿಲ್ಲದೆಯೂ ಒಂದು ಮಟ್ಟಿಗೆ ನೆಟ್ಟಗೆ ನಿಲ್ಲುತ್ತದೆ ಅಂದರು. ತರಿಸಿದೆ. ಬತ್ತಿ ಬದಲಿಸುವುದು ಅಂದರೆ ನೀವು ತಿಳಿದ ಹಾಗೆ ಕಿತ್ತು ಹಾಕಿ ಇನ್ನೊಂದು ನೆಡುವುದಲ್ಲ. ಸಪೂರದ್ದು ಹಾಕಿದೆ, ಮೇಣದಲ್ಲಿ ಮುಳುಗಿ ಆರಿಹೋಯಿತು. ದಪ್ಪದ್ದು ಹಾಕಿದೆ, ಗಾಜಿನ ಅಂಚಿಗೆಲ್ಲ ಮಸಿ ಬಳಿಯಿತು, ತುದಿಯಲ್ಲಿ ಅಣಬೆಯ ಹಾಗೆ ಕರಿ ಗಂಟು ಕಟ್ಟಿತು. ಅವೆರಡರ ನಡುವಿನದು ಈಗ ನನ್ನ ಮುಂದೆ ಉರಿಯುತ್ತಿದೆ. ಬೆಳಿಗ್ಗೆಯಿಂದ ಉರಿಯುತ್ತಿದೆ, ವಾಲಿಲ್ಲ, ಮಸಿಯಿಲ್ಲ, ಲೋಟ ಹಿಡಿದರೆ ಬಿಸಿಯಿದೆ, ಸುಡುವಷ್ಟಲ್ಲ. ಇದನ್ನು ಇನ್ನೂ ನಾಲ್ಕಾರು ಲೋಟದಲ್ಲಿ ತಳದವರೆಗೂ ಉರಿಸಿ ನೋಡಬೇಕು. ಸರಿಹೋದರೆ ಇದನ್ನೇ ಹಾಕುತ್ತೇನೆ. ಸತುವಿನ ಸುರುಳಿಯನ್ನು ಎದುರು ಮನೆಯವರ ಶೆಡ್ಡಿನಲ್ಲಿ ಇಟ್ಟು ಬಂದಿದ್ದೇನೆ. ಮನೆಯಲ್ಲಿ ಒಂದು ಮೊಳವೂ ಇಲ್ಲ.

ನೀವು ಗೆದ್ದಿರಿ ಅಂತಲ್ಲ. ಆ ಬತ್ತಿಯಲ್ಲಿ ಏನೂ ದೋಷವಿಲ್ಲ, ಕೊನೆಯವರೆಗೂ ಇದನ್ನೇ ಹೇಳುತ್ತೇನೆ. ಅದಿರುವ ಮನೆಯಲ್ಲಿ ಇರುವುದಿಲ್ಲ ಅಂದಿರಲ್ಲ, ಈಗ ಅದಿಲ್ಲ. ಇನ್ನು ಯಾವ ನೆಪ ಹೇಳುತ್ತೀರೋ ನೋಡುತ್ತೇನೆ. ಬಂದು ನನ್ನ ಜೊತೆ ಹೋಟೆಲಿಗೆ ಬನ್ನಿ. ಮಾಲೀಕರ ಎದುರು ನೀವೇ ಹಚ್ಚಿ. ತಪ್ಪಾಯಿತು ಅಂತ ಅವರಿಗೆ ಹೇಳಬೇಡಿ, ನನಗೆ ಹೇಳಿ ಸಾಕು. ನಾನೂ ಕಬ್ಬಿಣದ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮಾಸ್ಕು ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಅತ್ತಿಗೆಗೂ ಭಾವನವರಿಗೂ ನಮಸ್ಕಾರ ತಿಳಿಸಿ. ಸ್ನಾನದ ಸುಳ್ಳಿಗೆ ಅತ್ತಿಗೆಯ ಮೇಲೆ ನನಗೆ ಕೋಪವಿಲ್ಲ.

ಇಷ್ಟು ಬರೆದರೂ ಸಿಟ್ಟು ಪೂರ್ತಿ ಇಳಿಯದ,
ನಿಮ್ಮ ಹೆಂಡತಿ

ತಾ.ಕ.: ಲಕೋ‌ಟೆಗೆ ಹಾಕಿ ಅಂಟಿಸಲು ಹೊರಟವಳು ಮತ್ತೆ ಬಿಡಿಸಿದೆ. ನಾನು ಕಾಗದ ಹಿಡಿದು ಕೂತಿದ್ದು ಬೇರೆ ಮಾತು ಹೇಳಲು. ಬೈಯುವುದು ಸುಲಭವಾಗಿತ್ತು, ಬೈಯುತ್ತಾ ಪುಟ ತುಂಬಿಸಿಬಿಟ್ಟೆ.

ಪುಟ್ಟಿಯ ಮನೆಗೆ ನಾನು ಅವಳನ್ನು ನೋಡಲು ಹೋಗಿದ್ದಲ್ಲ. ಅವಳು ನನ್ನನ್ನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ರಕ್ತದಲ್ಲಿ ಸೀಸ ಇಲ್ಲ ಅಂತ ಬರೆಸಿಕೊಂಡು ಬಂದು ನಿಮ್ಮ ಮುಖಕ್ಕೆ ಹಿಡಿಯಬೇಕು, ವಾದ ಗೆಲ್ಲಬೇಕು ಅಂತ ಹೋಗಿದ್ದೆ. ಎಲ್ಲ ಪರೀಕ್ಷೆ ಮುಗಿದು ನಿನ್ನೆ ಮತ್ತೆ ಕರೆದಿದ್ದರು. ಸೀಸ ಇಲ್ಲ, ಸತುವೂ ಇರಬೇಕಾದಷ್ಟೇ ಇದೆ. ನಾನೇ ಗೆದ್ದೆ. ನಡುಕ ಪಾರ್ಕಿನ್ಸನ್ ಕಾಯಿಲೆಯದಂತೆ. ಗುಳಿಗೆ ಕೊಟ್ಟಿದ್ದಾರೆ. ಹತೋಟಿಯಲ್ಲಿ ಇಡಬಹುದಂತೆ, ಪೂರ್ತಿ ಹೋಗುವುದಿಲ್ಲವಂತೆ, ನಿಧಾನಕ್ಕೆ ಹೆಚ್ಚುತ್ತದಂತೆ. ಪುಟ್ಟಿ ಅಳುತ್ತಾಳೆ ಅಂತ ನಾನು ಅಳಲಿಲ್ಲ.

ಇದೊಂದು ಸಲ ನೀವು ಗೆಲ್ಲಬೇಕಿತ್ತು ರೀ. ಬತ್ತಿ ಎಸೆದಿದ್ದರೆ ಮುಗಿದುಹೋಗುತ್ತಿತ್ತು. ಡಾಕ್ಟರಿಗೆ ನಾನು ಏನು ಹೇಳಿದೆ ಗೊತ್ತಾ? ಇನ್ನೊಂದು ಸಲ ಸರಿಯಾಗಿ ನೋಡಿ ಡಾಕ್ಟರೇ, ಇದು ಬತ್ತಿಯಿಂದಲೇ ಬಂದಿರೋದು, ನಮ್ಮ ಮನೆಯವರು ಜೀವಮಾನವೆಲ್ಲ ಲೋಹದ ಜೊತೆ ಕೆಲಸ ಮಾಡಿದವರು, ಅವರಿಗೆ ಗೊತ್ತಿರುತ್ತೆ ಅಂತ ಬೇಡಿಕೊಂಡೆ. ಅಲ್ಲಮ್ಮ, ಬತ್ತಿ ಅಲ್ಲ ಅಂದರು.